ಸತ್ಯು ಅವರ 'ಬರ', ದುರ್ಗದ ಬರ

ಚಿತ್ರದುರ್ಗ ಅಂದ ಕೂಡಲೆ ಸಿನೆಮಾದವರಿಗೆ ನೆನಪಾಗೋದು ಕೋಟೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 'ನಾಗರಹಾವು' ಮಾಡಿದರು. ವಿಷ್ಣುವರ್ಧನ್ ರಾಮಾಚಾರಿಯಾಗಿ ಆ ಬಂಡೆಗಳ ಮೇಲೆ ಓಡಾಡಿದ್ದೇ ಓಡಾಡಿದ್ದು, ಓಬವ್ವನ ಕಿಂಡಿ ಕರ್ನಾಟಕದ ಶಾಲಾ ಮಕ್ಕಳಿಗೆಲ್ಲ ಪ್ರವಾಸದ ಜಾಗವಾಯಿತು. 1975ರಲ್ಲಿ ಜಿ.ವಿ. ಅಯ್ಯರ್ ತ.ರಾ.ಸು. ಅವರದೇ 'ಹಂಸಗೀತೆ' ಮಾಡಿದರು. ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್, ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ. ಎರಡೂ ದೊಡ್ಡ ಸಿನೆಮಾಗಳೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕೋಟೆ ಇಳಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೊರಟರೆ ಸಿಗೋ ಕಥೆ ಬೇರೆ. ಅಲ್ಲಿ ಮದಕರಿ ನಾಯಕನೂ ಇಲ್ಲ, ರಾಮಾಚಾರಿಯೂ ಇಲ್ಲ. ಅಲ್ಲಿರೋದು ಒಣಗಿದ ಕೆರೆ, ಸಾವಿರ ಅಡಿ ಕೊರೆದರೂ ಧೂಳು ಕಾರೋ ಬೋರ್‌ವೆಲ್, ತಲೆ ಒಣಗಿದ ತೆಂಗಿನ ತೋಟ. ಈ ಕಥೆಯನ್ನು ಕನ್ನಡ ಸಿನೆಮಾದಲ್ಲಿ ಯಾರು ಹೇಳಿದ್ದಾರೆ ಅಂತ ಹುಡುಕುತ್ತಾ ಹೋದಾಗ ನನಗೆ ಎದುರಾದವರು ಎಂ.ಎಸ್. ಸತ್ಯು. ಅವರು ನಮ್ಮ ಜಿಲ್ಲೆಯವರಲ್ಲ, ಮೈಸೂರಿನವರು. ಅವರ 'ಬರ' ನಮ್ಮ ಜಿಲ್ಲೆಯ ಹೆಸರು ಹೇಳಿಕೊಂಡು ಬಂದ ಸಿನೆಮಾ ಕೂಡ ಅಲ್ಲ. ಆದರೂ ಬರ ಅಂದರೆ ಏನು ಅಂತ ನಮ್ಮೂರಿನ ರೈತರಿಗೆ ಗೊತ್ತಿರೋ ಒಂದು ಗುಟ್ಟು ಆ ಸಿನೆಮಾಕ್ಕೂ ಗೊತ್ತಿತ್ತು. ಮಳೆ ಬರದೆ ಇರೋದು ಬರದ ಅರ್ಧ ಭಾಗ. ಉಳಿದರ್ಧ ಕಛೇರಿಯ ಮೇಜಿನ ಮೇಲಿರುತ್ತೆ.

ಸತ್ಯು ಅವರ ಸಿನೆಮಾಗಳನ್ನು ಒಂದಾದ ಮೇಲೊಂದು ನೋಡಿದರೆ ಈ ಮಾತು ಮತ್ತೆ ಮತ್ತೆ ಕಾಣುತ್ತೆ. ಅವರ ಸಿನೆಮಾದಲ್ಲಿ ದೊಡ್ಡ ದುರಂತಗಳಿವೆ, ದೇಶವಿಭಜನೆ ಇದೆ, ಬರ ಇದೆ. ಆದರೆ ಆ ದುರಂತ ಮನುಷ್ಯನ ಮನೆ ಬಾಗಿಲಿಗೆ ಬರೋದು ಒಂದು ನೋಟೀಸಿನ ರೂಪದಲ್ಲೋ, ಸಿಗದ ಸಾಲದ ರೂಪದಲ್ಲೋ, ಸಹಿ ಆಗದ ಒಂದು ಕಡತದ ರೂಪದಲ್ಲೋ. ಅದನ್ನೇ ಸ್ವಲ್ಪ ವಿವರವಾಗಿ ಹೇಳೋಣ ಅಂತ ಈ ಬರಹ.

ಮೈಸೂರಿನ ಹುಡುಗ

ಮೈಸೂರು ಶ್ರೀನಿವಾಸ ಸತ್ಯು ಹುಟ್ಟಿದ್ದು 1930ರಲ್ಲಿ. ಬಿ.ಎಸ್ಸಿ. ಓದುತ್ತಿದ್ದವರು 1952ರಲ್ಲಿ ಅದನ್ನು ಅರ್ಧಕ್ಕೆ ಬಿಟ್ಟು ಸಿನೆಮಾ ಅಂತ ಮುಂಬಯಿಗೆ ಹೊರಟರು. ಆ ಕಾಲಕ್ಕೆ ಡಿಗ್ರಿ ಬಿಡೋದು ಅಂದರೆ ಮನೆಯಲ್ಲಿ ಎಷ್ಟು ಗಲಾಟೆ ಆಗಿರಬೇಕು, ಯೋಚಿಸಿ :) ಮೊದಲು ಆನಿಮೇಶನ್ ಕೆಲಸ, ಅದೂ ಬಿಡಿಬಿಡಿಯಾಗಿ. ಆಮೇಲೆ ನಾಲ್ಕು ವರ್ಷದ ಹತ್ತಿರ ಕೈಗೆ ಕೆಲಸವೇ ಇಲ್ಲ. ಕೊನೆಗೆ ಚೇತನ್ ಆನಂದ್ ಅವರ ಹತ್ತಿರ ಸಹಾಯಕ ನಿರ್ದೇಶಕರಾಗಿ ಸೇರಿದರು. 1962ರ ಚೀನಾ ಯುದ್ಧದ ಬಗ್ಗೆ ಚೇತನ್ ಆನಂದ್ ಮಾಡಿದ 'ಹಕೀಕತ್' (1964) ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿ ಫಿಲಂಫೇರ್ ಪ್ರಶಸ್ತಿ ಪಡೆದರು.

ಇದರ ಜೊತೆಜೊತೆಗೇ ನಾಟಕ. ದೆಹಲಿಯಲ್ಲಿ ಬೇಗಂ ಖುದ್ಸಿಯಾ ಜೈದಿ ಕಟ್ಟಿದ ಹಿಂದೂಸ್ತಾನಿ ಥಿಯೇಟರ್, ಹಬೀಬ್ ತನ್ವೀರ್ ಅವರ ಒಡನಾಟ, ಆಮೇಲೆ ಮುಂಬಯಿಯ ಇಪ್ಟಾ. ಸೆಟ್ ಹಾಕೋದು, ಬೆಳಕು ಬಿಡೋದು, ನಿರ್ದೇಶನ, ಎಲ್ಲಾ. ಇಪ್ಟಾಗೆ ಅವರು ಆಡಿಸಿದ 'ಬಕ್ರಿ' ಅನ್ನೋ ನಾಟಕ ತುಂಬಾ ಹೆಸರು ಮಾಡಿತು. ಒಂದು ಬಡವಳ ಮೇಕೆಯನ್ನು ಗಾಂಧೀಜಿಯ ಮೇಕೆ ಅಂತ ಹೇಳಿ ಅದರ ಹೆಸರಲ್ಲಿ ಮೂವರು ಕಳ್ಳರು ರಾಜಕೀಯ ಮಾಡೋ ಕಥೆ ಅದು. ಖುದ್ಸಿಯಾ ಜೈದಿಯವರ ಮಗಳು ಶಮಾ ಜೈದಿ ಸತ್ಯು ಅವರ ಬಾಳಸಂಗಾತಿ, ಅವರ ಚಿತ್ರಕಥೆಗಳಲ್ಲಿ ಪಾಲುದಾರರು. ಮೈಸೂರಿನ ಕನ್ನಡಿಗರೊಬ್ಬರು ಹಿಂದೂಸ್ತಾನಿ ರಂಗಭೂಮಿಯ ಒಳಗಿನವರಾದದ್ದು ಹೀಗೆ. ಇದನ್ನು ಯಾಕೆ ಹೇಳಿದೆ ಅಂದರೆ, ಆಗ್ರಾದ ಮುಸ್ಲಿಂ ಮನೆಯೊಂದರ ಕಥೆಯನ್ನು ಇಷ್ಟು ಹತ್ತಿರದಿಂದ ಹೇಳೋದು ಹೇಗೆ ಸಾಧ್ಯವಾಯಿತು ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ಬಿಸಿಗಾಳಿ

'ಗರ್ಮ್ ಹವಾ' (1973) ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ, ಹಾಗಾಗಿ ಕಥೆ ಪೂರ್ತಿ ಹೇಳೋಕೆ ಹೋಗಲ್ಲ. ಇಸ್ಮತ್ ಚುಗ್ತಾಯ್ ಅವರ ಅಪ್ರಕಟಿತ ಕಥೆಯೊಂದನ್ನು ಇಟ್ಟುಕೊಂಡು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಬರೆದರು. ಆಗ್ರಾದಲ್ಲಿ ಚಪ್ಪಲಿ ಕಾರ್ಖಾನೆ ಇಟ್ಟುಕೊಂಡಿರೋ ಸಲೀಂ ಮಿರ್ಜಾ ವಿಭಜನೆಯಾದ ಮೇಲೂ ಪಾಕಿಸ್ತಾನಕ್ಕೆ ಹೋಗದೆ ಇಲ್ಲೇ ಉಳೀತೀನಿ ಅಂತಾನೆ. ಆ ಪಾತ್ರ ಮಾಡಿದವರು ಬಲರಾಜ್ ಸಾಹನಿ. ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು ಅವರು ತೀರಿಕೊಂಡರು.

ಈ ಸಿನೆಮಾದಲ್ಲಿ ನನಗೆ ಮುಖ್ಯ ಅನ್ನಿಸೋದು ಸಲೀಂ ಮಿರ್ಜಾಗೆ ಕಷ್ಟ ಹೇಗೆ ಬರುತ್ತೆ ಅನ್ನೋದು. ತಲ್ವಾರ್ ಹಿಡಿದ ಗುಂಪು ಅವನ ಬದುಕನ್ನು ಮುರಿಯೋದಿಲ್ಲ. ಬ್ಯಾಂಕಿಗೆ ಹೋದರೆ ಸಾಲ ಇಲ್ಲ, ಯಾಕಂದರೆ ನೀನೂ ನಾಳೆ ಗಂಟುಮೂಟೆ ಕಟ್ಟಿ ಓಡಿಹೋದರೆ? ಮನೆ ಇರೋದು ಪಾಕಿಸ್ತಾನಕ್ಕೆ ಹೋದ ಅಣ್ಣನ ಹೆಸರಲ್ಲಿ. ಹಾಗಾಗಿ ಅದು ದೇಶ ಬಿಟ್ಟವರ ಆಸ್ತಿ, ಖಾಲಿ ಮಾಡಿ ಅಂತ ಸರ್ಕಾರದ ಕಾಗದ. ಬಾಡಿಗೆಗೆ ಬೇರೆ ಮನೆ ಕೇಳಿದರೆ ಹೆಸರು ಕೇಳಿದ ಕೂಡಲೆ ಬಾಗಿಲು ಮುಚ್ಚುತ್ತೆ. ವಯಸ್ಸಾದ ಅಮ್ಮ ಮನೆ ಬಿಡೋಕೆ ಒಪ್ಪದೆ ಸೌದೆ ಕೋಣೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ. ಒಂದೊಂದು ಏಟೂ ಸಣ್ಣದೇ, ಒಂದೊಂದಕ್ಕೂ ಕಾನೂನಿನ ಕಾರಣ ಇದೆ. ಎಲ್ಲಾ ಸೇರಿದರೆ ಒಂದು ಸಂಸಾರ ಮುಗಿದೇ ಹೋಗುತ್ತೆ.

ಈ ಸಿನೆಮಾ ಆದ ರೀತಿಯೇ ಒಂದು ಕಥೆ. ಫಿಲಂ ಫೈನಾನ್ಸ್ ಕಾರ್ಪೊರೇಶನ್ ಕೊಟ್ಟಿದ್ದು 2.5 ಲಕ್ಷ ರೂಪಾಯಿ. ಉಳಿದದ್ದು ಸ್ನೇಹಿತರ ಹತ್ತಿರ ಸಾಲ. ಕ್ಯಾಮರಾ ಕೂಡ ಸ್ನೇಹಿತರದೇ. ಧ್ವನಿ ಮುದ್ರಿಸೋ ಉಪಕರಣಕ್ಕೆ ಕಾಸಿಲ್ಲ ಅಂತ ಮೂಕಿ ಸಿನೆಮಾ ಥರ ಚಿತ್ರೀಕರಿಸಿ ಆಮೇಲೆ ಮಾತು ಸೇರಿಸಿದರು. ಛಾಯಾಗ್ರಾಹಕ ಈಶಾನ್ ಆರ್ಯ ಅವರೇ ಸಹ ನಿರ್ಮಾಪಕ. ಆಗ್ರಾದಲ್ಲಿ ಜನ ಗಲಾಟೆ ಶುರು ಮಾಡಿದಾಗ, ರೀಲೇ ಹಾಕದ ಖಾಲಿ ಕ್ಯಾಮರಾ ಕೊಟ್ಟು ಒಂದು ಸುಳ್ಳು ಯೂನಿಟ್ಟನ್ನು ಬೇರೆ ಕಡೆ ಕಳಿಸುತ್ತಿದ್ದರಂತೆ. ಗುಂಪು ಅಲ್ಲಿ ಸೇರುತ್ತಿತ್ತು, ಇಲ್ಲಿ ನಿಜವಾದ ಶೂಟಿಂಗ್ ನಡೀತಿತ್ತು!

ಇಷ್ಟೆಲ್ಲಾ ಆದ ಮೇಲೆ ಸೆನ್ಸಾರ್. ಕೋಮು ಗಲಭೆ ಆಗಬಹುದು ಅನ್ನೋ ಭಯದಲ್ಲಿ ತಿಂಗಳುಗಟ್ಟಲೆ ಸರ್ಟಿಫಿಕೇಟ್ ಕೊಡದೆ ಇಟ್ಟುಕೊಂಡರು. ಸಾಲ ಸಿಗದ, ಮನೆ ಸಿಗದ ಮನುಷ್ಯನ ಸಿನೆಮಾ ಕಡೆಗೆ ತಾನೇ ಒಂದು ಕಡತವಾಗಿ ಮೇಜಿನಿಂದ ಮೇಜಿಗೆ ಅಲೆಯಿತು. ಕೊನೆಗೆ 1974ರಲ್ಲಿ ಅದು ಮೊದಲು ತೆರೆ ಕಂಡಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಥಿಯೇಟರುಗಳಲ್ಲಿ. ಯಾವ ಗಲಭೆಯೂ ಆಗಲಿಲ್ಲ. ಜನ ಸುಮ್ಮನೆ ಕೂತು ನೋಡಿದರು. ಆಮೇಲೆ ಕಾನ್ ಚಿತ್ರೋತ್ಸವದ ಸ್ಪರ್ಧೆ, ರಾಷ್ಟ್ರೀಯ ಭಾವೈಕ್ಯತೆಯ ಅತ್ಯುತ್ತಮ ಚಿತ್ರ ಅನ್ನೋ ಪ್ರಶಸ್ತಿ, ಭಾರತದಿಂದ ಆಸ್ಕರ್‌ಗೆ ಪ್ರವೇಶ. 1975ರಲ್ಲಿ ಸತ್ಯು ಅವರಿಗೆ ಪದ್ಮಶ್ರೀ. 2014ರ ನವೆಂಬರ್‌ನಲ್ಲಿ ಸಿನೆಮಾವನ್ನು ಸರಿಪಡಿಸಿ, ಹೊಸ ಪ್ರತಿ ಮಾಡಿ ಮತ್ತೆ ಬಿಡುಗಡೆ ಮಾಡಿದರು.

ಕನ್ನಡಕ್ಕೆ ಬಂದದ್ದು

ಇಷ್ಟು ಹೆಸರು ಬಂದ ಮೇಲೆ ಹಿಂದಿಯಲ್ಲೇ ಇನ್ನೊಂದಷ್ಟು ಸಿನೆಮಾ ಮಾಡಬಹುದಿತ್ತು. ಸತ್ಯು ಕನ್ನಡಕ್ಕೆ ಬಂದರು. 1977ರಲ್ಲಿ ಎಸ್.ಕೆ. ನಾಡಿಗ್ ಅವರ ಕಾದಂಬರಿ ಆಧರಿಸಿದ 'ಕನ್ನೇಶ್ವರ ರಾಮ'. ಅನಂತನಾಗ್ ಮತ್ತು ಶಬಾನಾ ಆಜ್ಮಿ. ಬ್ರಿಟಿಷರ ಕಾಲದಲ್ಲಿ ಊರ ಯಜಮಾನನನ್ನು ಎದುರು ಹಾಕಿಕೊಂಡ ಒಬ್ಬ ರೈತ ದರೋಡೆಕೋರನಾಗೋ ಕಥೆ. 1978ರಲ್ಲಿ 'ಚಿತೆಗೂ ಚಿಂತೆ', ಅದು ರಾಜಕೀಯ ವಿಡಂಬನೆ. ಆಮೇಲೆ 'ಬರ'.

ಆಗಿನ ಕನ್ನಡ ಹೊಸ ಅಲೆಯ ಸಿನೆಮಾಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. 1970ರ 'ಸಂಸ್ಕಾರ', 1971ರ 'ವಂಶವೃಕ್ಷ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ'. ಅಗ್ರಹಾರ, ಜಾತಿ, ಮಡಿ, ಭೂಮಿ ಇಲ್ಲದವನ ಆಸೆ. ಇವುಗಳಲ್ಲಿ 'ಸಂಸ್ಕಾರ' ಮತ್ತು 'ಘಟಶ್ರಾದ್ಧ' ಎರಡೂ ಯು.ಆರ್. ಅನಂತಮೂರ್ತಿಯವರ ಕಥೆಗಳು. ಸತ್ಯು ತೆಗೆದುಕೊಂಡಿದ್ದೂ ಅನಂತಮೂರ್ತಿಯವರ ಕಥೆಯನ್ನೇ. ಆದರೆ ಅವರು ಆರಿಸಿದ ಕಥೆ ಅಗ್ರಹಾರದ್ದಲ್ಲ, ಜಿಲ್ಲಾಧಿಕಾರಿಯ ಕಛೇರಿಯದ್ದು. ಅಗ್ರಹಾರದಲ್ಲಿ ಶಾಸ್ತ್ರ ಏನು ಹೇಳುತ್ತೆ ಅಂತ ಕಾದು ಕೂತ ಜನ, ಇಲ್ಲಿ ಸರ್ಕಾರಿ ಆದೇಶ ಏನು ಹೇಳುತ್ತೆ ಅಂತ ಕಾದು ಕೂತಿರುತ್ತಾರೆ. ಕಾಯೋದು ಮಾತ್ರ ಅದೇ.

ಬರ

'ಬರ' ತೆರೆಗೆ ಬಂದದ್ದು 1982ರಲ್ಲಿ. ಅನಂತನಾಗ್ ಇಲ್ಲಿ ಸತೀಶ್ ಚಂದ್ರ ಅನ್ನೋ ಯುವ ಐ.ಎ.ಎಸ್. ಅಧಿಕಾರಿ. ಚೆನ್ನಾಗಿ ಓದಿದವನು, ಪ್ರಾಮಾಣಿಕ, ಜನರಿಗೆ ಏನಾದರೂ ಮಾಡಬೇಕು ಅನ್ನೋ ಮನಸ್ಸಿರೋನು. ಜಿಲ್ಲೆಯಲ್ಲಿ ಮಳೆ ಇಲ್ಲ, ಜನ ಗುಳೆ ಹೋಗ್ತಿದ್ದಾರೆ, ದನಕರು ಸಾಯ್ತಿವೆ. ಪರಿಹಾರ ಬರಬೇಕಾದರೆ ಮೊದಲು ಆ ಜಿಲ್ಲೆಯನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಬೇಕು. ಕಣ್ಣಿಗೆ ಕಾಣೋ ಬರಕ್ಕೆ ಘೋಷಣೆ ಬೇರೆ ಬೇಕಾ ಅಂತ ಕೇಳಬೇಡಿ, ಬೇಕು! ಘೋಷಣೆ ಮಾಡಿದರೆ ಯಾರಿಗೆ ಹೆಸರು, ಯಾರಿಗೆ ನಷ್ಟ ಅನ್ನೋ ಲೆಕ್ಕ ರಾಜಧಾನಿಯಲ್ಲಿ ನಡೀತಿದೆ. ಇತ್ತ ಜಿಲ್ಲೆಯಲ್ಲಿ ಧಾನ್ಯ ಬಚ್ಚಿಟ್ಟು ಬೆಲೆ ಏರೋದನ್ನು ಕಾಯೋ ವ್ಯಾಪಾರಿಗಳು, ಹಸಿದ ಜನರ ಸಿಟ್ಟನ್ನು ತನ್ನ ಕಡೆ ತಿರುಗಿಸಿಕೊಳ್ಳೋ ಭೀಮೋಜಿ ಅನ್ನೋ ಸ್ಥಳೀಯ ಮುಖಂಡ (ಸಿ.ಆರ್. ಸಿಂಹ). ಕೊನೆಗೆ ಆ ಸಿಟ್ಟು ಕೋಮು ಗಲಭೆಯ ದಾರಿ ಹಿಡಿಯುತ್ತೆ.

ಇದರಲ್ಲಿ ಅಧಿಕಾರಿ ಹೀರೋ ಅಲ್ಲ, ಅದು ಈ ಸಿನೆಮಾದ ದೊಡ್ಡ ವಿಷಯ. ನಮ್ಮ ಕಮರ್ಷಿಯಲ್ ಸಿನೆಮಾಗಳಲ್ಲಿ ಡಿ.ಸಿ. ಸಾಹೇಬರು ಬಂದು ಗೋಡೌನಿನ ಬೀಗ ಒಡೆಸಿದರೆ ಎಲ್ಲಾ ಸರಿಹೋಗುತ್ತೆ. ಇಲ್ಲಿ ಒಳ್ಳೆಯವನೊಬ್ಬ ಒಳ್ಳೆಯ ಕೆಲಸ ಮಾಡೋಕೆ ಹೊರಟರೂ ಅವನ ಪ್ರತಿ ಹೆಜ್ಜೆ ಇನ್ಯಾರದೋ ರಾಜಕೀಯಕ್ಕೆ ಮೆಟ್ಟಿಲಾಗುತ್ತೆ. ಅವನು ಕೆಟ್ಟವನಾಗಿದ್ದರೆ ನೋಡೋ ನಮಗೆ ಸಮಾಧಾನ ಇರುತ್ತಿತ್ತು, ಬೈದು ಎದ್ದು ಬರಬಹುದಿತ್ತು. ಸತ್ಯು ಆ ಸಮಾಧಾನ ಕೊಡೋದಿಲ್ಲ.

'ಬರ'ಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅನ್ನೋ ರಾಷ್ಟ್ರಪ್ರಶಸ್ತಿ ಬಂತು. ಹಿಂದಿಯಲ್ಲಿ ಅದೇ 'ಸೂಖಾ' (1983) ಆಗಿ ಬಂದಾಗ ಮತ್ತೆ ಭಾವೈಕ್ಯತೆಯ ಪ್ರಶಸ್ತಿ. ಯೋಚಿಸಿ ನೋಡಿ, ಬರದ ಬಗ್ಗೆ ಮಾಡಿದ ಸಿನೆಮಾಕ್ಕೆ ಭಾವೈಕ್ಯತೆಯ ಪ್ರಶಸ್ತಿ! ಹೊಟ್ಟೆಯ ಹಸಿವು ಹೇಗೆ ಪಕ್ಕದ ಮನೆಯವನ ಮೇಲಿನ ದ್ವೇಷ ಆಗುತ್ತೆ ಅಂತ ತೋರಿಸಿದ್ದಕ್ಕೆ ಸಿಕ್ಕ ಪ್ರಶಸ್ತಿ ಅದು ಅಂತ ನಾನು ಅಂದುಕೊಂಡಿದ್ದೇನೆ.

ನಮ್ಮ ಕಡೆಗೆ ಬರೋಣ

ಈಗ ಚಿತ್ರದುರ್ಗ ಜಿಲ್ಲೆ. 1876ರಿಂದ 78ರ ತನಕದ ಬರವನ್ನು ಹಳಬರು ಸಂವತ್ಸರದ ಹೆಸರಿಟ್ಟು ಧಾತು-ಈಶ್ವರದ ಬರ ಅಂತ ಕರೆಯುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಹತ್ತು ಲಕ್ಷದ ಹತ್ತಿರ ಜನ ಹೋದರು. ಇನ್ನೊಂದು ಅಂಥ ಬರ ಬರಬಾರದು ಅಂತ ಸಂಸ್ಥಾನ ಕೈಗೆತ್ತಿಕೊಂಡ ನೀರಾವರಿ ಕೆಲಸಗಳಲ್ಲಿ ದೊಡ್ಡದು ಹಿರಿಯೂರಿನ ಹತ್ತಿರದ ಮಾರಿಕಣಿವೆ. ವೇದಾವತಿ ನದಿಗೆ ಎರಡು ಗುಡ್ಡದ ನಡುವೆ ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. 30 ಟಿ.ಎಂ.ಸಿ. ನೀರು ಹಿಡಿಯುವ ಅಣೆಕಟ್ಟು.

ಆದರೆ ಹಿಡಿಯೋಕೆ ನೀರು ಬರಬೇಕಲ್ಲ? ಅಣೆಕಟ್ಟು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ! ನಮ್ಮಜ್ಜ ಕೋಡಿ ಬಿದ್ದದ್ದನ್ನು ಕಥೆಯಾಗಿ ಕೇಳಿದವರು, ನಮ್ಮಪ್ಪ ಕಥೆಯ ಕಥೆ ಕೇಳಿದವರು. 2022ರಲ್ಲಿ ಹಿರಿಯೂರಿನ ಜನ ಬಂಡಿ, ಬೈಕು, ಟ್ರ್ಯಾಕ್ಟರ್ ಹತ್ತಿ ಜಾತ್ರೆಗೆ ಹೋದ ಹಾಗೆ ನೋಡೋಕೆ ಹೋದರು. ಅದೇ ಹೊತ್ತಿಗೆ ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟ-ಮನೆಗಳಿಗೆ ನುಗ್ಗಿತ್ತು. ಒಂದು ತಾಲ್ಲೂಕಿಗೆ ಹಬ್ಬ, ಪಕ್ಕದ ತಾಲ್ಲೂಕಿಗೆ ಸಂಕಟ. ಆಮೇಲೆ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಈಚಿನ ವರ್ಷಗಳಲ್ಲಿ ಭದ್ರಾ ನೀರನ್ನೂ ಇದಕ್ಕೆ ಹರಿಸತೊಡಗಿದ್ದು ಒಂದು ಕಾರಣ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಕೊಡ್ತೀವಿ ಅಂತ ಓದಿದರು. ಆ ಹಣಕ್ಕಾಗಿ ಜಿಲ್ಲೆಯ ರೈತರು ಮುಷ್ಕರ, ಬಂದ್ ಎಲ್ಲಾ ಮಾಡಬೇಕಾಯಿತು.

ಬೋರ್‌ವೆಲ್ ನಂಬಿದವರ ಕಥೆಯನ್ನು ನಾನು ಹೇಳಬೇಕಾಗಿಲ್ಲ. 2016ರ ಸುಮಾರಿಗೆ ಹಿರಿಯೂರು, ಹೊಸದುರ್ಗ ಕಡೆ ತೆಂಗಿನ ಮರಗಳು ಸಾಲುಸಾಲಾಗಿ ಒಣಗಿದವು. ಹೊಳಲ್ಕೆರೆ ಕಡೆ ಅಡಿಕೆ ಉಳಿಸಿಕೊಳ್ಳೋಕೆ ಟ್ಯಾಂಕರ್‌ನಲ್ಲಿ ನೀರು ಹೊಡೆಸಿದರು. ಮಗುವಿಗೆ ಹಾಲು ಕೊಂಡ ಹಾಗೆ ಮರಕ್ಕೆ ನೀರು ಕೊಂಡರು. ಮೇಲಾಗಿ ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್.

ಘೋಷಣೆಯ ಲೆಕ್ಕ

ಸತ್ಯು ಅವರ ಸಿನೆಮಾ ಬಂದು ನಾಲ್ಕು ದಶಕ ದಾಟಿತು. ಬರ ಘೋಷಣೆ ಈಗ ಮಂತ್ರಿಯ ಮರ್ಜಿ ಮೇಲೆ ನಡೆಯೋದಿಲ್ಲ, ಅದಕ್ಕೆ ಸೂತ್ರ ಇದೆ ಅಂತ ಹೇಳ್ತಾರೆ. ಇದೆ, ನಿಜ. 1988ರಲ್ಲೇ ಕರ್ನಾಟಕ ಬರ ಗಮನಿಸೋಕೆ ಅಂತಲೇ ಒಂದು ಘಟಕ ಮಾಡಿತ್ತು, ಅದೇ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಯಿತು. ಗ್ರಾಮ ಪಂಚಾಯಿತಿಗಳಲ್ಲಿ ತಾನೇ ಲೆಕ್ಕ ಕಳಿಸೋ ಮಳೆಮಾಪಕಗಳಿವೆ. ಕೇಂದ್ರ ಸರ್ಕಾರದ ಬರ ನಿರ್ವಹಣಾ ಕೈಪಿಡಿ 2009ರಲ್ಲಿ ಬಂತು, 2016ರಲ್ಲಿ ಅದನ್ನು ಬದಲಾಯಿಸಿದರು. ಅದರ ಪ್ರಕಾರ ಮೊದಲು ಮಳೆ ಕೊರತೆ ಮತ್ತು ಸತತವಾಗಿ ಮಳೆ ಇಲ್ಲದ ವಾರಗಳ ಲೆಕ್ಕ. ಅದರಲ್ಲಿ ಪಾಸಾದರೆ ಮುಂದಿನ ಹಂತ: ಬಿತ್ತನೆಯಾದ ಭೂಮಿ, ಉಪಗ್ರಹದ ಚಿತ್ರದಲ್ಲಿ ಕಾಣೋ ಹಸಿರು, ಮಣ್ಣಿನ ತೇವ, ಕೆರೆ-ಅಂತರ್ಜಲ. ಆಮೇಲೆ ಆಯ್ದ ಹಳ್ಳಿಗಳಿಗೆ ಹೋಗಿ ಹೊಲ ನೋಡಿ ಬರೋದು. ಕೊನೆಗೆ 'ಸಾಧಾರಣ' ಅಥವಾ 'ತೀವ್ರ' ಅನ್ನೋ ಮುದ್ರೆ. 'ತೀವ್ರ' ಆದರೆ ಮಾತ್ರ ಕೇಂದ್ರದ ವಿಪತ್ತು ನಿಧಿಯಿಂದ ಹಣ.

ಕೋಡ್ ಬರೆದು ಹೊಟ್ಟೆ ಹೊರೆಯೋ ನನ್ನಂಥವನಿಗೆ ಇದು ನೋಡೋಕೆ ಚೆಂದ. ಒಂದರ ಕೆಳಗೊಂದು ಷರತ್ತು, ಹೌದಾದರೆ ಇತ್ತ, ಇಲ್ಲವಾದರೆ ಅತ್ತ. ಆದರೆ 'ಸಾಧಾರಣ' ಬರದ ತಾಲ್ಲೂಕಿನಲ್ಲಿ ರಾಗಿ ಒಣಗಿದವನಿಗೆ ಅವನ ರಾಗಿ ತೀವ್ರವಾಗಿಯೇ ಒಣಗಿರುತ್ತೆ.

2023ನ್ನೇ ತೆಗೆದುಕೊಳ್ಳಿ. ವಾಣಿವಿಲಾಸ ಸಾಗರ ಕೋಡಿ ಬಿದ್ದು ಸರಿಯಾಗಿ ಒಂದು ವರ್ಷಕ್ಕೆ, 2023ರ ಸೆಪ್ಟೆಂಬರ್ 13ರಂದು, ಕರ್ನಾಟಕ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆ ಪಟ್ಟಿ ಬೆಳೆಯುತ್ತಾ ಹೋಗಿ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಆದವು, ಅದರಲ್ಲಿ 196 ತೀವ್ರ. ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ಹೊಲ ನೋಡಿ ಹೋಯಿತು. ಆಮೇಲೆ ತಿಂಗಳ ಮೇಲೆ ತಿಂಗಳು. ವರದಿ ಕಳಿಸಿದ್ದು ತಡ ಅಂತ ಅವರು, ಸಭೆಯನ್ನೇ ಕರೆದಿಲ್ಲ ಅಂತ ಇವರು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತು ಅಂತ ರೈತರಿಗೆ 2,000 ರೂಪಾಯಿಯವರೆಗೆ ಹಾಕತೊಡಗಿತು. ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ, ಲೋಕಸಭೆ ಚುನಾವಣೆಯ ನಡುವೆ, ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಯಾವ ಪಕ್ಷ ಸರಿ, ಯಾವುದು ತಪ್ಪು ಅನ್ನೋ ಜಗಳ ನನಗೆ ಬೇಡ, ಅದಕ್ಕೆ ಬೇರೆಯವರು ಸಾಕಷ್ಟಿದ್ದಾರೆ. ಆದರೆ ಮುಂಗಾರು ಕೈಕೊಟ್ಟದ್ದು ಜೂನ್-ಆಗಸ್ಟಿನಲ್ಲಿ, ದುಡ್ಡು ಬಂದದ್ದು ಮುಂದಿನ ಬಿತ್ತನೆಗೆ ಹೊಲ ಉಳೋ ಹೊತ್ತಿಗೆ. ಬರಪೀಡಿತ ಅಂತ ಒಪ್ಪಿಸೋಕೆ ಸತೀಶ್ ಚಂದ್ರ ಪಟ್ಟ ಪಾಡನ್ನು ಇಲ್ಲಿ ಒಂದು ರಾಜ್ಯವೇ ಪಟ್ಟಿತು.

ಇನ್ನು ದುಡ್ಡು ಬಂದ ಮೇಲೆ? ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ. ಮಧ್ಯೆ ತಿನ್ನೋರು ಇಲ್ಲ, ಇದು ದೊಡ್ಡ ಸುಧಾರಣೆಯೇ, ಒಪ್ಪೋಣ. ಆದರೆ ಅದಕ್ಕೆ ರೈತ 'ಫ್ರೂಟ್ಸ್' ತಂತ್ರಾಂಶದಲ್ಲಿ ನೋಂದಣಿ ಆಗಿರಬೇಕು, ಪಹಣಿ ಅವನ ಹೆಸರಲ್ಲಿರಬೇಕು, ಪಹಣಿಯ ಹೆಸರೂ ಆಧಾರಿನ ಹೆಸರೂ ತಾಳೆಯಾಗಬೇಕು, ಆಧಾರ್ ಬ್ಯಾಂಕಿಗೆ ಜೋಡಣೆಯಾಗಿರಬೇಕು.

ಹಿರಿಯೂರು ಕಡೆಯ ನಮ್ಮ ದೊಡ್ಡಪ್ಪನಿಗೆ ಆ ಸಲ ಒಂದು ರೂಪಾಯಿಯೂ ಬರಲಿಲ್ಲ. ನಾಲ್ಕು ಎಕರೆ ಶೇಂಗಾ ನೆಲಕ್ಕೇ ಹೋಗಿತ್ತು. ಪಹಣಿ ನೋಡಿದರೆ ಇನ್ನೂ ಅಜ್ಜನ ಹೆಸರಲ್ಲಿದೆ, ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ. ಅಣ್ಣತಮ್ಮಂದಿರು ಬಾಯಿ ಮಾತಿನಲ್ಲಿ ಪಾಲು ಮಾಡಿಕೊಂಡು ಉಳುತ್ತಿದ್ದಾರೆ, ಕಾಗದದಲ್ಲಿ ಏನೂ ಆಗಿಲ್ಲ. ಫೋನ್ ಮಾಡಿದಾಗ ದೊಡ್ಡಪ್ಪ, "ಲೋ ತಮ್ಮಾ, ಮಳೆರಾಯನಿಗೆ ಆಧಾರ್ ಕೇಳಲ್ಲ ಕಣೋ, ನಮ್ಮನ್ನ ಮಾತ್ರ ಕೇಳ್ತಾರೆ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಅಂತ ಗಾದೆ ಇದೆ. ಹಳೆ ಪೂಜಾರಿ ಮೇಜಿನ ಆ ಕಡೆ ಕೂತಿರುತ್ತಿದ್ದ, ಬೈಯಬಹುದಿತ್ತು, ಬೇಡಿಕೊಳ್ಳಬಹುದಿತ್ತು, ಕಾಫಿ ಕುಡಿಸಬಹುದಿತ್ತು. ಹೊಸ ಪೂಜಾರಿ ಒಂದು ಪರದೆ. ಹೆಸರು ತಾಳೆಯಾಗಿಲ್ಲ ಅಂತ ತೋರಿಸಿ ಸುಮ್ಮನಾಗುತ್ತೆ. ಸಲೀಂ ಮಿರ್ಜಾನ ಮನೆ ಹೋದದ್ದು ಅದು ಅಣ್ಣನ ಹೆಸರಲ್ಲಿತ್ತು ಅನ್ನೋ ಕಾರಣಕ್ಕೆ ಅನ್ನೋದು ನನಗೆ ಆವತ್ತು ನೆನಪಾಯಿತು. ಅವನದು ದೇಶವನ್ನೇ ಎರಡು ಮಾಡಿದ ದುರಂತ, ನಮ್ಮದು ನಾಲ್ಕು ಎಕರೆ ಶೇಂಗಾ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕಾಗಲ್ಲ. ಆದರೆ ಏಟು ಬೀಳೋ ದಾರಿ ಅದೇ.

ಆಮೇಲಿನ ಸತ್ಯು

'ಬರ', 'ಸೂಖಾ' ಆದ ಮೇಲೆ ಸತ್ಯು ಸಿನೆಮಾಗಳ ನಡುವಿನ ಅಂತರ ದೊಡ್ಡದಾಗುತ್ತಾ ಹೋಯಿತು. ತಕಳಿ ಶಿವಶಂಕರ ಪಿಳ್ಳೆಯವರ ಕಾದಂಬರಿಯಿಂದ ದೂರದರ್ಶನಕ್ಕೆ 'ಕಯರ್' ಧಾರಾವಾಹಿ ಮಾಡಿದರು. 1994ರಲ್ಲಿ ಕನ್ನಡದಲ್ಲಿ 'ಗಳಿಗೆ'. ಆ ವರ್ಷವೇ ರಂಗಭೂಮಿ ಕೆಲಸಕ್ಕೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ. ಆಮೇಲೆ 2010ರ 'ಇಜ್ಜೋಡು'. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಹುಣಸೆ ಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ! ದೇವರಿಗೆ ಬಸವಿ ಬಿಟ್ಟ ಹುಡುಗಿಯೊಬ್ಬಳ ಕಥೆ, ಮೀರಾ ಜಾಸ್ಮಿನ್ ಮತ್ತು ಅನಿರುದ್ಧ್ ನಟಿಸಿದ್ದು. ಬಸವಿ ಬಿಡೋದು ಬಳ್ಳಾರಿ ಸೀಮೆಯಲ್ಲೂ ನಮ್ಮ ಜಿಲ್ಲೆಯ ಮೊಳಕಾಲ್ಮೂರು, ಚಳ್ಳಕೆರೆ ಕಡೆಯಲ್ಲೂ ಇದ್ದ ಪದ್ಧತಿ. ಅದನ್ನು ನಿಷೇಧಿಸೋ ದೇವದಾಸಿ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ, 'ಬರ' ತೆರೆಗೆ ಬಂದ ವರ್ಷವೇ. ಕಾಯ್ದೆ ಆಗಿ ಸುಮಾರು ಮೂವತ್ತು ವರ್ಷಕ್ಕೆ ಆ ವಿಷಯದ ಬಗ್ಗೆ ಇನ್ನೂ ಸಿನೆಮಾ ಮಾಡಬೇಕು ಅಂತ ಅವರಿಗೆ ಅನ್ನಿಸಿತು. ಪುಸ್ತಕದಲ್ಲಿರೋ ಕಾನೂನಿಗೂ ಊರಿನಲ್ಲಿರೋ ಬದುಕಿಗೂ ನಡುವಿನ ಆ ದೂರವೇ ಅವರ ಸಿನೆಮಾಗಳು ನಡೆಯೋ ಜಾಗ.

ನಲವತ್ತು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಿನೆಮಾ. ಸೋತರು ಅಂತ ಯಾರಾದರೂ ಅನ್ನಬಹುದು. ಒಂದೊಂದಕ್ಕೂ ದುಡ್ಡು ಹೊಂದಿಸೋಕೆ ಎಷ್ಟು ಬಾಗಿಲು ತಟ್ಟಬೇಕು ಅಂತ 'ಗರ್ಮ್ ಹವಾ' ಕಥೆಯಲ್ಲೇ ನೋಡಿದೆವಲ್ಲ. ಆದರೆ ಅವರ ಸಿನೆಮಾಗಳಲ್ಲಿ ಜನರಿಗೆ ಬುದ್ಧಿ ಹೇಳೋ ಭಾಷಣ ಇಲ್ಲ. ಯಾವ ಕಾಗದ, ಯಾವ ಮೇಜು, ಯಾವ ಲೆಕ್ಕಾಚಾರ ಅಂತ ಒಂದೊಂದೇ ತೋರಿಸುತ್ತಾ ಹೋಗ್ತಾರೆ. ಸಾಮಾಜಿಕ ಸಿನೆಮಾ ಅಂದರೆ ಬಡವರ ಕಣ್ಣೀರು ತೋರಿಸೋದು ಅಂತ ತಿಳಿದವರಿಗೆ ಇದು ಒಣ ಒಣ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ.

'ಬರ'ವನ್ನು ನಮ್ಮ ಜಿಲ್ಲೆಯಲ್ಲಿ ಊರೂರಿಗೆ ತೋರಿಸಬೇಕು ಅಂತ ನನ್ನ ಆಸೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿಯವರು ಹಳ್ಳಿ ಜನರಿಗೆ ನಾಟಕದ ರುಚಿ ಹತ್ತಿಸಿದ್ದಾರೆ, ಶಿವಸಂಚಾರ ತಂಡ 1997ರಿಂದ ಊರೂರು ತಿರುಗಿದೆ. ಅಲ್ಲಿನ ಬಯಲು ರಂಗಮಂದಿರದಲ್ಲಿ ಒಂದು ರಾತ್ರಿ 'ಬರ' ಹಾಕಿ, ಆಮೇಲೆ ಹೊಸದುರ್ಗ, ಹೊಳಲ್ಕೆರೆಯ ರೈತರನ್ನು ಮಾತಾಡಿಸಿದರೆ ಹೇಗಿರುತ್ತೆ? ಯಾವ ಫಿಲಂ ಸೊಸೈಟಿಯ ಚರ್ಚೆಗೂ ಕಮ್ಮಿ ಇರಲ್ಲ. 1982ರಲ್ಲಿ ಇದನ್ನು ಥಿಯೇಟರ್‌ನಲ್ಲಿ ನೋಡಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಕೇಳಿ ಬರೆಯಿರಿ, ಯಾವ ಊರು, ಎಷ್ಟು ದಿನ ಓಡಿತು, ಜನ ಏನಂದರು ಅಂತ.

ಇನ್ನೊಂದು ಕೆಲಸ, ಇದು ಸಿನೆಮಾಕ್ಕಿಂತ ಮುಖ್ಯ. ನಮ್ಮಲ್ಲಿ ಬಹಳ ಮಂದಿ ಊರು ಬಿಟ್ಟು ಬೆಂಗಳೂರಿನಲ್ಲೋ ಇನ್ನೆಲ್ಲೋ ಕಂಪ್ಯೂಟರ್ ಮುಂದೆ ಕೂತವರು. ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಮನೆಯ ಪಹಣಿ ತೆಗೆಸಿ ನೋಡಿ. ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿಸಿ, ಹೆಸರಿನ ಕಾಗುಣಿತ ಆಧಾರ್ ಜೊತೆ ತಾಳೆ ಮಾಡಿಸಿ. ನಮ್ಮ ದೊಡ್ಡಪ್ಪನದಕ್ಕೆ ಅರ್ಜಿ ಕೊಟ್ಟು ಎಂಟು ತಿಂಗಳಾಯಿತು. ಮೊನ್ನೆ ಕೇಳಿದರೆ ಇನ್ನೂ ಒಂದು ಸಹಿ ಬಾಕಿ ಇದೆಯಂತೆ.